ಇನ್‌ಸ್ಪೆಕ್ಷನ್ ಜ್ವರ

ನಮ್ಮ ಎದುರು ಮನೆಯ ಪಲ್ಲವಿ ಟೀಚರ್ ಆಗಿ ಇನ್ನೂ ವರ್ಷ ತುಂಬಿಲ್ಲ. ಶನಿವಾರ ಶಾಲೆ ಮುಗಿಸಿ ವಿಜಯನಗರದ ಬಸ್ಸಿಳಿದು ಬರುವಾಗ ನಮ್ಮ ಗೇಟಿನ ಹತ್ತಿರ ನಿಂತು ತನ್ನ ಕ್ಲಾಸಿನ ಸುದ್ದಿ ಹೇಳಿ ಹೋಗುವುದು ಅವಳ ರೂಢಿ. ನಿನ್ನೆ ಒಬ್ಬ ಹುಡುಗನ ಮಾತು ಬಂತು. ಎರಡು ನಿಮಿಷ ಕೂತಲ್ಲಿ ಕೂರುವುದಿಲ್ಲವಂತೆ, ಹೇಳಿದ್ದು ತಲೆಗೆ ಹೋಗುವುದಿಲ್ಲವಂತೆ, ದಿನಕ್ಕೊಂದು ಪೆನ್ಸಿಲ್ಲು ಕಳೆಯುತ್ತಾನಂತೆ. ಡಾಕ್ಟರು ನೋಡಿ ಎಡಿಎಚ್‌ಡಿ ಎಂದಿದ್ದಾರಂತೆ. ಅದು ಮಗುವಿನ ಹಟವಲ್ಲ, ಮಿದುಳು ಕೆಲಸ ಮಾಡುವ ರೀತಿಯೇ ಹಾಗೆ, ಗಮನ ಒಂದು ಕಡೆ ನಿಲ್ಲುವುದಿಲ್ಲ, ಮೈ ಸುಮ್ಮನಿರುವುದಿಲ್ಲ ಎಂದು ನನಗೆ ಬಿಡಿಸಿ ಹೇಳಿದಳು. ಕೇಳಿ ಸಂತೋಷವಾಯಿತು. ನಮ್ಮ ಕಾಲದಲ್ಲಿ ಇಂಥ ಮಕ್ಕಳಿಗೆ ಬೇರೆ ಹೆಸರುಗಳಿದ್ದವು, ಅವನ್ನು ಇಲ್ಲಿ ಬರೆದರೆ ಚೆನ್ನಾಗಿರುವುದಿಲ್ಲ. ಹೊರಡುವ ಮುಂಚೆ ಅವಳು ಇನ್ನೊಂದು ಮಾತು ಸೇರಿಸಿದಳು. ‘ಬುಧವಾರ ಬಿಇಒ ಸಾಹೇಬ್ರು ಇನ್‌ಸ್ಪೆಕ್ಷನ್‌ಗೆ ಬರ್ತಾರೆ ಅಜ್ಜಿ. ಅದೊಂದಿನ ಅವನನ್ನ ಮನೇಲೇ ಇಟ್ಕೊಳಿ ಅಂತ ಅವರಮ್ಮಂಗೆ ಹೇಳ್ಬಿಟ್ಟಿದೀನಿ.’

ನನ್ನ ಬಾಯಿ ಎಂಥದ್ದು ಅಂತ ನಮ್ಮ ಬೀದಿಗೆಲ್ಲ ಗೊತ್ತು. ಹಾಲಿನವನಿಂದ ಹಿಡಿದು ಕಾರ್ಪೊರೇಟರ್‌ವರೆಗೆ ಎಲ್ಲರೂ ಬೈಸಿಕೊಂಡವರೇ. ಆದರೆ ಪಲ್ಲವಿಯನ್ನು ಬೈಯಲು ಬಾಯಿ ತೆಗೆದವಳು ಹಾಗೇ ಮುಚ್ಚಿದೆ. ಯಾವ ಮುಖ ಇಟ್ಟುಕೊಂಡು ಬೈಯಲಿ? ಆ ಕೆಲಸ ಅವಳಿಗಿಂತ ಐವತ್ತು ವರ್ಷ ಮುಂಚೆ ಮಾಡಿದವಳು ನಾನು. ಇವತ್ತು ಭಾನುವಾರ. ಬುಧವಾರದೊಳಗೆ ಇದನ್ನು ಬರೆದು ಅವಳ ಕೈಗೆ ಕೊಡಬೇಕು. ಅವಳ ಜೊತೆಗೆ ಹೊಸದಾಗಿ ಕೆಲಸಕ್ಕೆ ಸೇರಿದ ಬೇರೆಯವರೂ ಓದಿದರೆ ಒಳ್ಳೆಯದೇ.

ನಾನು ಒಕ್ಕಲು ಮನೆತನದ ಹೆಣ್ಣು. ನಮ್ಮ ಊರು ಮೈಸೂರಿನಿಂದ ಗಾಡಿಯಲ್ಲಿ ಅರ್ಧ ದಿನದ ದಾರಿ. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷಕ್ಕೆ ಟೀಚರ್ ಟ್ರೈನಿಂಗ್ ಮುಗಿಸಿ ಮೈಸೂರಿನ ಅಗ್ರಹಾರದ ಒಂದು ಪ್ರೈಮರಿ ಶಾಲೆಗೆ ಸೇರಿದೆ. ಓಣಿಯೊಳಗಿನ ಹಳೇ ಮನೆಯೊಂದರಲ್ಲಿ ಶಾಲೆ. ನಡುಮನೆ ಒಂದು ಕ್ಲಾಸು, ಪಡಸಾಲೆ ಒಂದು ಕ್ಲಾಸು, ಹಿತ್ತಲ ಕೊಟ್ಟಿಗೆ ಇನ್ನೊಂದು. ಯಾವಾಗ ಬಡ್ತಿ ಬಂತು, ಎಲ್ಲೆಲ್ಲಿಗೆ ವರ್ಗವಾಯಿತು ಅನ್ನುವುದು ಪೆನ್ಷನ್ ಪುಸ್ತಕದಲ್ಲಿದೆ, ಇಲ್ಲಿ ಬೇಡ. ಟ್ರೈನಿಂಗಿನಲ್ಲಿ ನಮಗೆ ಕಲಿಸಿದ್ದರಲ್ಲಿ ಮುಖ್ಯವಾದದ್ದು ಒಂದೇ: ಮಕ್ಕಳು ಕೈಕಟ್ಟಿ, ಬಾಯಿಮುಚ್ಚಿ, ಸಾಲಾಗಿ ಕೂರಬೇಕು. ಕೂತರೆ ಅದು ಒಳ್ಳೆಯ ಕ್ಲಾಸು, ಕೂರದಿದ್ದರೆ ಟೀಚರಿಗೆ ಕೈಲಾಗುವುದಿಲ್ಲ ಅಂತ ಅರ್ಥ.

ಮೊದಲ ವರ್ಷ ನಂಜುಂಡ ಅಂತ ಒಬ್ಬ ಸಿಕ್ಕಿದ. ಏಳು ವರ್ಷದ ಹುಡುಗ, ಕಾಲಲ್ಲಿ ಚಕ್ರ. ಮಗ್ಗಿ ಹೇಳುತ್ತಿರುವಾಗಲೇ ಎದ್ದು ಹೋಗಿ ತೊಲೆ ಮೇಲಿನ ಗುಬ್ಬಿ ಗೂಡು ನೋಡುತ್ತಿದ್ದ. ನಾನು ಬೈದೆ, ಹೊಡೆದೆ, ಬಗ್ಗಿ ನಿಲ್ಲಿಸಿದೆ. ದಂಡಂ ದಶಗುಣಂ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಅವನ ತಾಯಿ ಒಂದೆಲಗದ ಚಟ್ನಿ ತಿನ್ನಿಸಿದಳು, ನಾಲಗೆಗೆ ಬಜೆ ತೇಯ್ದು ಹಚ್ಚಿದಳು, ಚಾಮುಂಡಿ ಬೆಟ್ಟದ ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಇಟ್ಟುಕೊಂಡು ಹತ್ತಿದಳು. ಪಾಪ, ನನಗಿಂತ ಅವಳೇ ವಾಸಿ, ಅವಳ ಔಷಧದಲ್ಲಿ ಮಗುವಿಗೆ ನೋವಾಗುತ್ತಿರಲಿಲ್ಲ. ಒಂದು ದಿನ ಅವನ ಅಂಗೈ ಬಾತುಕೊಂಡದ್ದು ನೋಡಿ ನನಗೇ ಅಳು ಬಂತು. ಮಾರನೆಯ ದಿನ ಅವನು ನಗುತ್ತಾ ಬಂದು ಗುಬ್ಬಿ ಮರಿ ಹಾಕಿದೆ ಮಿಸ್ ಎಂದು ನನ್ನ ಸೆರಗು ಹಿಡಿದು ಎಳೆದ. ಅವತ್ತಿನಿಂದ ಬೆತ್ತವನ್ನು ಬೀರುವಿನ ಹಿಂದಕ್ಕೆ ಹಾಕಿದೆ. ಬೆತ್ತ ಬಿಟ್ಟೆನೇ ಹೊರತು ಬೇರೇನು ಮಾಡಬೇಕು ಅನ್ನುವುದು ಗೊತ್ತಾಗಲಿಲ್ಲ.

ಗೊತ್ತು ಮಾಡಿಸಿದವಳು ಲೂರ್ದು.

ಲೂರ್ದು ಮೇರಿ ಅಂತ ಅವಳ ಹೆಸರು. ಸ್ವಾತಂತ್ರ್ಯ ಬಂದ ವರ್ಷ ಹುಟ್ಟಿದವಳು. ತಂದೆ ಅಂತೋಣಪ್ಪ ಬಡಗಿ, ಮೆತ್ತನೆ ಮಾತಿನ ಮನುಷ್ಯ. ತಾಯಿ ಆರೋಗ್ಯಮ್ಮ ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದರು. ಹುಡುಗಿ ಮೂರನೇ ಕ್ಲಾಸಿಗೆ ನನ್ನ ಹತ್ತಿರ ಬಂದಳು. ಬಂದ ತಿಂಗಳಲ್ಲೇ ಎರಡು ಸ್ಲೇಟು ಕಳೆದಳು. ‘ಕಮಲ’ ಬರಿ ಅಂದರೆ ‘ಕಮ’ ಬರೆದು ಕಿಟಕಿಯ ಹತ್ತಿರ ಹೋಗಿರುತ್ತಿದ್ದಳು. ನಾನು ಪ್ರಶ್ನೆ ಕೇಳಿ ಮುಗಿಸುವ ಮುಂಚೆ ಉತ್ತರ ಹೇಳುತ್ತಿದ್ದಳು, ಅದು ಬೇರೆ ಯಾವುದೋ ಪ್ರಶ್ನೆಯ ಉತ್ತರವಾಗಿರುತ್ತಿತ್ತು. ಹುಡುಗರು ಹಾಗಿದ್ದರೆ ತುಂಟ ಎಂದು ನಕ್ಕು ಸುಮ್ಮನಾಗುತ್ತಿದ್ದವರು, ಹೆಣ್ಣು ಹುಡುಗಿ ಹಾಗಿದ್ದಾಳಲ್ಲ ಎಂದು ಕೆನ್ನೆಗೆ ಕೈ ಇಟ್ಟುಕೊಳ್ಳುತ್ತಿದ್ದರು.

ಒಂದು ದಿನ ನನಗೂ ರೇಗಿತು. ಹೊಡೆಯಲಿಲ್ಲ. ಹೊರಗೆ ಹೋಗಿ ನಿಂತುಕೋ ಅಂದೆ. ಅರ್ಧ ಗಂಟೆ ಅವಳು ಜಗಲಿಯಲ್ಲಿ ಅತ್ತಿಂದಿತ್ತ ಓಡಾಡುತ್ತಾ, ಕಂಬ ಸುತ್ತುತ್ತಾ ಇದ್ದಳು. ಒಳಗೆ ನಾನು ಬಾಯಿಲೆಕ್ಕ ಕೇಳುತ್ತಿದ್ದೆ. ಹದಿನಾರು ಮಾವಿನಹಣ್ಣನ್ನು ನಾಲ್ವರಿಗೆ ಹಂಚಿ, ಒಬ್ಬೊಬ್ಬರೂ ಒಂದೊಂದು ವಾಪಸು ಕೊಟ್ಟರೆ ಎಷ್ಟು ಉಳಿಯಿತು, ಆ ಥರದ್ದು. ಕೈಕಟ್ಟಿ ಕೂತ ನಲವತ್ತು ಮಕ್ಕಳಲ್ಲಿ ಒಂದಕ್ಕೂ ಉತ್ತರ ಬರಲಿಲ್ಲ. ಕಂಬದ ಕಡೆಯಿಂದ ಬಂತು. ಇನ್ನೊಂದು ಕೇಳಿದೆ, ಅದಕ್ಕೂ ಬಂತು. ಐದು ಲೆಕ್ಕಕ್ಕೆ ಐದೂ ಸರಿ. ನಾನು ಹೊರಗೆ ಹೋಗಿ, ಒಳಗೆ ಕೂತಾಗ ಯಾಕೆ ಹೀಗೆ ಹೇಳುವುದಿಲ್ಲ, ಒಂದು ಕಡೆ ಕೂರಲು ನಿನಗೇನು ಕಷ್ಟ ಎಂದು ಕೇಳಿದೆ. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ್ದು ನನಗೆ ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ.

‘ಕೂತ್ಕೋಬೇಕು ಅಂತ್ಲೇ ಕೂತ್ಕೊತೀನಿ ಮಿಸ್. ಆಮೇಲೆ ನೋಡ್ಕೊಂಡ್ರೆ ಎದ್ಬುಟ್ಟಿರ್ತೀನಿ.’

ಇದಕ್ಕಿಂತ ಚೆನ್ನಾಗಿ ಯಾವ ಡಾಕ್ಟರೂ ನನಗೆ ಹೇಳಿಲ್ಲ. ಡಾಕ್ಟರಿಗೂ ತೋರಿಸಿದೆವು. ಆರೋಗ್ಯಮ್ಮನನ್ನು ಜೊತೆಗೆ ಕರೆದುಕೊಂಡು ನಾನೇ ದೊಡ್ಡಾಸ್ಪತ್ರೆಗೆ ಹೋಗಿದ್ದೆ. ಅಲ್ಲಿದ್ದ ಲೇಡಿ ಡಾಕ್ಟರು ಕಣ್ಣು, ಕಿವಿ, ಗಂಟಲು ಎಲ್ಲ ನೋಡಿ, ರೋಗವೇನೂ ಕಾಣುತ್ತಿಲ್ಲ, ಇದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ, ಟಾನಿಕ್ಕು ಕೊಡುತ್ತೇನೆ, ಹೊಡೆಯಬೇಡಿ ಎಂದರು. ಆರೋಗ್ಯಮ್ಮ ಒಂಬತ್ತು ದಿನ ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚಿ ಪ್ರಾರ್ಥನೆ ಮಾಡಿದರು. ಪಕ್ಕದ ಮನೆಯವರ ಮಾತು ಕೇಳಿ ಒಂದೆಲಗವನ್ನೂ ತಿನ್ನಿಸಿದರು. ಸಂಕಟ ಬಂದಾಗ ವೆಂಕಟರಮಣ, ಅದರಲ್ಲಿ ಜಾತಿ ಎಲ್ಲಿ ಬಂತು.

ದಾರಿ ತೋರಿಸಿದ್ದು ಶಾಲೆಯ ಮೆಟ್ಟಿಲು ಹತ್ತದ ನಮ್ಮಪ್ಪ. ಊರಿಗೆ ಹೋದಾಗ ಈ ಹುಡುಗಿಯ ವಿಷಯ ಹೇಳಿದೆ. ಅವರು ಹಗ್ಗ ಹೊಸೆಯುತ್ತಾ ಕೇಳಿಸಿಕೊಂಡರು. ‘ಪ್ರಾಯದ ಹೋರಿ ಕಣಮ್ಮ ಅದು. ಕಟ್ಟಾಕುದ್ರೆ ಗೂಟ ಕಿತ್ಬುಡ್ತದೆ, ಹೂಡುದ್ರೆ ಹೊಲ ಉಳ್ತದೆ. ಏನಾದ್ರೂ ಕೆಲ್ಸ ಕೊಡು’ ಎಂದರು.

ಕೊಟ್ಟೆ. ನೀರಿನ ಕೊಡ ತುಂಬುವುದು, ಬೋರ್ಡು ಒರೆಸುವುದು, ಪಕ್ಕದ ಕ್ಲಾಸಿಗೆ ಚೀಟಿ ಒಯ್ಯುವುದು. ಒಂದು ಲೆಕ್ಕ ಬರೆ, ಹೋಗಿ ಬಾಗಿಲು ಮುಟ್ಟಿ ಬಾ, ಇನ್ನೊಂದು ಬರೆ. ಕೂತು ಬರೆಯಲು ಆಗದಿದ್ದರೆ ಕಿಟಕಿಯ ಕಟ್ಟೆ ಮೇಲೆ ಸ್ಲೇಟಿಟ್ಟುಕೊಂಡು ನಿಂತು ಬರೆ. ಮೂರು ಮಾತು ಒಟ್ಟಿಗೆ ಹೇಳಿದರೆ ಅವಳಿಗೆ ಮೂರೂ ಮರೆಯುತ್ತಿದ್ದವು, ಒಂದೇ ಹೇಳಿ ಅದು ಮುಗಿದ ಮೇಲೆ ಇನ್ನೊಂದು ಹೇಳುವುದನ್ನು ಕಲಿತೆ. ಆಗ ಶಾಲೆಗಳಲ್ಲಿ ತಕಲಿಯಲ್ಲಿ ನೂಲು ತೆಗೆಯುವುದು ಬಂದಿತ್ತು. ಲೂರ್ದುವಿಗೆ ನಾನು ಪಾಠದ ಹೊತ್ತಿನಲ್ಲೂ ತಕಲಿ ಕೊಟ್ಟುಬಿಟ್ಟೆ. ಕೈ ತಿರುಗುತ್ತಿದ್ದರೆ ಅವಳ ಕಿವಿ ನನ್ನ ಕಡೆ ಇರುತ್ತಿತ್ತು. ಜೊತೆಯ ಟೀಚರುಗಳು, ಜಯಮ್ಮ ಮಿಸ್ ಕ್ಲಾಸು ಅಂದರೆ ಸಂತೆ ಎಂದು ನನ್ನ ಹೆಸರು ಹಿಡಿದು ನಗುತ್ತಿದ್ದರು. ನಗಲಿ ಬಿಡಿ ಅಂದುಕೊಂಡೆ.

ನಾಲ್ಕನೇ ಕ್ಲಾಸಿಗೂ ಅವಳು ನನ್ನ ಹತ್ತಿರವೇ ಇದ್ದಳು. ಆ ವರ್ಷ ಗಂಟೆ ಹೊಡೆಯುವ ಕೆಲಸವನ್ನೂ ಅವಳಿಗೆ ಕೊಡಿಸಿದೆ. ಬೀದಿ ಬಾಗಿಲ ಪಕ್ಕದ ತೊಲೆಗೆ ಕಂಚಿನ ತಟ್ಟೆಯಂಥ ಗಂಟೆ ತೂಗುಹಾಕಿತ್ತು, ಮರದ ಕೊಡತಿಯಲ್ಲಿ ಹೊಡೆಯಬೇಕು. ಗಡಿಯಾರ ಎದುರಿಗೆ ಆಫೀಸು ರೂಮಿನ ಬಾಗಿಲ ಮೇಲೆ. ನಮ್ಮ ಹೆಡ್‌ಮಿಸ್ಟ್ರೆಸ್ ರುಕ್ಮಿಣಮ್ಮನವರು, ಎಲ್ಲರ ಬಾಯಲ್ಲೂ ದೊಡ್ಡ ಮಿಸ್, ಮೊದಲು ಸುತರಾಂ ಒಪ್ಪಲಿಲ್ಲ. ಅವರು ಕೆಟ್ಟವರಲ್ಲ. ಮಧ್ಯಾಹ್ನ ಊಟ ತಾರದ ಮಕ್ಕಳಿಗೆ ತಮ್ಮ ಡಬ್ಬಿಯಿಂದ ಎತ್ತಿ ಕೊಡುತ್ತಿದ್ದವರು, ಆದರೆ ಸಾಲು ತಪ್ಪಿದರೆ ಅವರ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಹೆದರಿದ ಹಾಗೇ ಆಯಿತು. ಮೊದಲನೇ ದಿನ ಲೂರ್ದು ಒಮ್ಮೆ ಹೊಡೆಯಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ, ಎಲ್ಲಿಗೋ ಬೆಂಕಿ ಬಿತ್ತೆಂದು ಓಣಿಯ ಜನ ಕೊಡ ಹಿಡಿದುಕೊಂಡು ಬಂದರು. ನಾಲ್ಕು ದಿನ ನಾನು ಪಕ್ಕದಲ್ಲಿ ನಿಂತು ಜೋರಾಗಿ ಎಣಿಸಿಕೊಂಡು ಹೊಡೆಯುವುದನ್ನು ಹೇಳಿಕೊಟ್ಟೆ. ಐದನೇ ದಿನದಿಂದ ಒಂದು ಏಟು ಹೆಚ್ಚಲ್ಲ, ಒಂದು ಕಮ್ಮಿಯಲ್ಲ. ಸ್ಲೇಟು ಮರೆಯುವ ಹುಡುಗಿ, ಊಟ ಮರೆಯುವ ಹುಡುಗಿ, ಗಂಟೆಯನ್ನು ಒಂದು ದಿನವೂ ಮರೆಯಲಿಲ್ಲ. ಹೊಡೆದು ಬಂದು ನನ್ನ ಮುಖ ನೋಡುತ್ತಿದ್ದಳು. ನಾನು ತಲೆಯಾಡಿಸಿದರೆ ಆಯಿತು, ಮುಂದಿನ ಪೀರಿಯಡ್ಡಿನ ಅರ್ಧದವರೆಗೂ ಸುಮ್ಮನೆ ಕೂತು ಬರೆಯುತ್ತಿದ್ದಳು. ಆ ಮುಖ ನೋಡಲು ನನಗೆ ಈಗ ಎಷ್ಟು ಆಸೆ ಅಂತ ಹೇಳಲಾರೆ.

ನಾಲ್ಕನೇ ಕ್ಲಾಸು ಪಾಸಾದರೆ ಮಿಡ್ಲ್ ಸ್ಕೂಲು. ಅಂತೋಣಪ್ಪ ಒಂದು ಮಾತು ಹೇಳಿದ್ದರು: ಇವಳು ಪಾಸಾದರೆ ಮುಂದಕ್ಕೆ ಓದಿಸುತ್ತೇನೆ, ನಪಾಸಾದರೆ ತಾಯಿಯ ಜೊತೆ ಕೂತು ಊದುಬತ್ತಿ ಹೊಸೆಯಲಿ. ಕೂರುವುದೇ ಬಾರದ ಮಗುವನ್ನು ದಿನವಿಡೀ ಮಣೆಯ ಮುಂದೆ ಕೂರಿಸುವುದೆಂದರೆ ಏನು ಅಂತ ನನಗೆ ಗೊತ್ತಿತ್ತು. ಅವಳು ಪಾಸಾಗುತ್ತಾಳೆ ಅನ್ನುವುದೂ ಗೊತ್ತಿತ್ತು. ಲೆಕ್ಕದಲ್ಲಿ ಇಡೀ ಕ್ಲಾಸಿಗೆ ಮುಂದಿದ್ದಳು.

ಇಲ್ಲಿ ನಮ್ಮ ಒಂದು ಪದ್ಧತಿಯನ್ನು ಹೇಳಬೇಕು, ನಾಚಿಕೆಯಾದರೂ ಹೇಳಬೇಕು. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಸಾಹೇಬರು ಬಂದು ಮಕ್ಕಳ ಪರೀಕ್ಷೆ ಮಾಡುವ ದಿನ ಪ್ರತಿ ಕ್ಲಾಸಿನಲ್ಲೂ ಇಬ್ಬರು ಮೂವರು ಮಕ್ಕಳಿಗೆ ‘ಜ್ವರ’ ಬರುತ್ತಿತ್ತು. ದಡ್ಡರು, ತೊದಲುವವರು, ಸುಮ್ಮನಿರದವರು. ಮನೆಯವರನ್ನು ಕರೆದು, ನಾಳೆ ಕಳಿಸಬೇಡಿ ಎಂದು ಹೇಳುವುದು, ಓದು ಬಾರದ ತಂದೆಯ ಹೆಸರಿನಲ್ಲಿ ರಜೆ ಚೀಟಿಯನ್ನು ನಾವೇ ಬರೆದು ಅವರ ಹೆಬ್ಬೆಟ್ಟು ಹಾಕಿಸಿಕೊಳ್ಳುವುದು. ನಾವು ಟೀಚರುಗಳು ಅದನ್ನು ಇನ್‌ಸ್ಪೆಕ್ಷನ್ ಜ್ವರ ಎಂದು ಕರೆದು ನಗುತ್ತಿದ್ದೆವು. ಯಾರಿಗೂ ನಷ್ಟವಿರಲಿಲ್ಲ, ಗೈರಾದ ಮಕ್ಕಳನ್ನು ದೊಡ್ಡ ಮಿಸ್ ಆಮೇಲೆ ತಾವೇ ಪರೀಕ್ಷೆ ಮಾಡಿ ಪಾಸು ಮಾಡುತ್ತಿದ್ದರು.

ಆ ವರ್ಷ ಹೊಸ ಇನ್‌ಸ್ಪೆಕ್ಟರ್. ಬಹಳ ಕಟ್ಟುನಿಟ್ಟು ಎಂದು ಸುದ್ದಿ. ಹಿಂದಿನ ದಿನ ದೊಡ್ಡ ಮಿಸ್ ನನ್ನನ್ನು ಕರೆದು ಲೂರ್ದು ನಾಳೆ ಬರಬಾರದು ಎಂದರು. ಒಂದೆರಡು ಮಾತು ವಾದಿಸಿದೆ. ಅವಳು ಎದ್ದು ಓಡಾಡಿದರೆ ನಿನ್ನ ಕ್ಲಾಸಷ್ಟೇ ಅಲ್ಲ, ಶಾಲೆಯ ಹೆಸರೇ ಹೋಗುತ್ತೆ ಎಂದರು. ನಿಜ ಹೇಳುತ್ತೇನೆ, ಅವರು ಒತ್ತಾಯ ಮಾಡಿದ್ದಕ್ಕೆ ಮಾತ್ರ ನಾನು ಒಪ್ಪಿದ್ದಲ್ಲ. ನನ್ನ ಸಂತೆ ಕ್ಲಾಸು ಒಂದು ದಿನವಾದರೂ ಬೇರೆಯವರ ಕ್ಲಾಸಿನ ಹಾಗೆ ಕಾಣಲಿ ಎನ್ನುವ ಆಸೆ ನನಗೂ ಇತ್ತು. ಸಂಜೆ ಅಂತೋಣಪ್ಪನ ಮನೆಗೆ ಹೋಗಿ ಹೇಳಿದೆ. ಅವರು ಯಾಕೆಂದು ಕೇಳಲಿಲ್ಲ. ಚೀಟಿ ನಾನೇ ಬರೆದೆ, ಹೆಬ್ಬೆಟ್ಟು ಒತ್ತಿದರು. ಲೂರ್ದುವಿಗೆ, ನಾಳೆ ಕ್ಲಾಸಿಗೆ ಬರಬೇಡ ಮಗಾ ಎಂದೆ. ಹೂಂ ಎಂದು ತಲೆಯಾಡಿಸಿದಳು.

ಬೆಳಿಗ್ಗೆ ಸಾಹೇಬರು ಬಂದರು. ನನ್ನ ಕ್ಲಾಸು ಗೊಂಬೆ ಜೋಡಿಸಿಟ್ಟ ಹಾಗೆ ಕೂತಿತ್ತು. ಹಾಜರಿ ಕೂಗಿ, ಲೂರ್ದುವಿನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೈರು ಎಂದು ಹಾಕಿದೆ. ಅಷ್ಟರಲ್ಲಿ ಹೊರಗೆ ಗಂಟೆ ಹೊಡೆಯಿತು. ಆ ಕೈ ಯಾರದು ಅಂತ ನನಗೆ ಕಿವಿಯಲ್ಲೇ ಗೊತ್ತಾಯಿತು. ಸಾಹೇಬರು ಹೆಸರಿನ ಪಟ್ಟಿ ನೋಡುತ್ತಿದ್ದಾಗ ನಾನು ಹೊರಗೆ ಹೋದೆ. ಒಗೆದ ಲಂಗ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಲೂರ್ದು ಬೀದಿ ಬಾಗಿಲಲ್ಲಿ ನಿಂತಿದ್ದಳು. ಬರಬೇಡ ಅಂದಿದ್ದೆನಲ್ಲೇ ಎಂದು ಪಿಸುಗುಟ್ಟಿದೆ.

‘ಕ್ಲಾಸಿಗೆ ಬರ್ಬೇಡ ಅಂದ್ರಿ ಮಿಸ್. ಗಂಟೆ ಹೊಡೀಬೇಡ ಅನ್ಲಿಲ್ವಲ್ಲ’ ಎಂದಳು. ಕಳ್ಳತನವಿಲ್ಲ, ಹಟವಿಲ್ಲ. ಒಂದು ಸಲಕ್ಕೆ ಒಂದೇ ಮಾತು ಹೇಳುವುದನ್ನು ಅಭ್ಯಾಸ ಮಾಡಿಸಿದವಳು ನಾನೇ. ಕ್ಲಾಸಿನೊಳಗೆ ಕಾಲಿಡದೆ, ಬಾಗಿಲ ಜಗಲಿಯಲ್ಲಿ ಕೂತು, ಎದ್ದು, ಓಡಾಡಿ, ಗಡಿಯಾರ ನೋಡಿಕೊಂಡು, ಪೀರಿಯಡ್ಡಿಗೊಂದು ಗಂಟೆ ಹೊಡೆಯುತ್ತಾ ಅವಳು ಅಲ್ಲೇ ಇದ್ದಳು.

ಮಧ್ಯಾಹ್ನದ ಗಂಟೆಯ ಹೊತ್ತಿಗೆ ಸಾಹೇಬರು ನನ್ನ ಕ್ಲಾಸಿನ ಬಾಯಿಲೆಕ್ಕ ಮುಗಿಸಿದ್ದರು. ಗಂಟೆ ಕೇಳಿ ಜೇಬಿನ ಗಡಿಯಾರ ತೆಗೆದು ನೋಡಿದರು. ಬಾಗಿಲಿಗೆ ಬಂದು ಇಣುಕಿ, ‘ಯಾರು ಈ ಹುಡುಗಿ? ಬೆಳಿಗ್ಗೆಯಿಂದ ನೋಡ್ತಿದೀನಿ, ಒಂದು ನಿಮಿಷ ಹೆಚ್ಚುಕಮ್ಮಿ ಇಲ್ಲ. ಯಾವ ಕ್ಲಾಸು?’ ಎಂದು ಕೇಳಿದರು. ಮುಖದಲ್ಲಿ ನಗುವಿತ್ತು. ಅವರು ನಕ್ಕದ್ದು ಅವತ್ತು ಅದೊಂದೇ ಸಲ.

ಒಂದು ಮಾತು ಸಾಕಾಗಿತ್ತು. ನನ್ನ ಕ್ಲಾಸು ಸರ್, ಅವಳಿಗೂ ಒಂದು ಲೆಕ್ಕ ಕೇಳಿ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಮೇಜಿನ ಮೇಲೆ ನಾನು ಬರೆದ ಜ್ವರದ ಚೀಟಿ ಇತ್ತು. ದೊಡ್ಡ ಮಿಸ್ ನನ್ನನ್ನೇ ನೋಡುತ್ತಿದ್ದರು. ಲೂರ್ದು ಕೊಡತಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು, ಹೊಡೆದ ಮೇಲೆ ದಿನಾ ನೋಡುವ ಹಾಗೆ.

‘ನಮ್ಮ ಜವಾನನ ಮಗಳು ಸರ್. ಸ್ಕೂಲಿಗೆ ಬರಲ್ಲ’ ಅಂದೆ.

ಆಡಿದ ಮಾತು, ಒಡೆದ ಮುತ್ತು. ಎಲ್ಲರ ಮಾತಿನ ಮಧ್ಯೆ ಬಾಯಿ ಹಾಕುವ ಹುಡುಗಿ ಕೊಡತಿಯನ್ನು ಗೂಟಕ್ಕೆ ಸಿಕ್ಕಿಸಿ ಜಗಲಿಯ ಮೇಲೆ ಕೂತಳು. ಕೈಕಟ್ಟಿಕೊಂಡು ಕೂತಳು. ಇನ್ನು ಹೊರಟು ಹೋಗುತ್ತಾಳೆ ಅಂದುಕೊಂಡಿದ್ದೆ, ಹೋಗಲಿಲ್ಲ. ಸಂಜೆ ಮನೆ ಗಂಟೆಯನ್ನೂ ಅವಳೇ ಹೊಡೆದಳು. ಹೊಡೆದು ನನ್ನ ಮುಖ ನೋಡದೆ ಹೋದಳು.

ಹೊಸ ಸಾಹೇಬರು ಹೋಗುವಾಗ ನಾಲ್ಕನೇ ಕ್ಲಾಸಿನ ಪಟ್ಟಿಗೆ ತಾವೇ ರುಜು ಹಾಕಿದರು. ಗೈರಾದವರಿಗೆ ಪ್ರಮೋಷನ್ ಇಲ್ಲ, ಮುಂದಿನ ವರ್ಷ ನೋಡೋಣ ಎಂದರು. ದೊಡ್ಡ ಮಿಸ್ ಆಮೇಲೆ ಎರಡು ಸಲ ಅವರ ಆಫೀಸಿಗೆ ಹೋಗಿ ಕೇಳಿಕೊಂಡರು. ಮೂರನೇ ಸಲ ನಾನೇ ಹೋಗಿ ನಿಜವನ್ನೆಲ್ಲ ಹೇಳಿದೆ. ಅಷ್ಟು ಹೊತ್ತಿಗೆ ಪಟ್ಟಿ ಮೇಲಿನವರ ಹತ್ತಿರ ಹೋಗಿತ್ತು, ನನಗೆ ಒಂದು ಎಚ್ಚರಿಕೆಯ ಕಾಗದ ಬಂತು. ಅದು ಬಂದದ್ದು ನ್ಯಾಯವೇ.

ಅಂತೋಣಪ್ಪನ ಮನೆಗೆ ಹೋದೆ. ಇನ್ನೊಂದು ವರ್ಷ ಕಳಿಸಿ, ನನ್ನದೇ ತಪ್ಪು, ನಾನೇ ಮನೆಯಲ್ಲೂ ಪಾಠ ಹೇಳುತ್ತೇನೆ ಎಂದು ಬೇಡಿಕೊಂಡೆ. ಆರೋಗ್ಯಮ್ಮ ಕುಡಿಯಲು ನೀರು ಕೊಟ್ಟರು. ಅಂತೋಣಪ್ಪ ಸಿಟ್ಟು ಮಾಡಲಿಲ್ಲ. ಎಂದಿನ ಮೆತ್ತನೆ ದನಿಯಲ್ಲೇ, ‘ಮನೇಲಿ ಇಟ್ಕೊಳಿ ಅಂತ ನೀವೇ ಅಂದ್ರಿ ಮೇಡಂನೋರೆ, ಇಟ್ಕೊಂಡೊ. ಒಂದು ದಿನಕ್ಕೆ ಬ್ಯಾಡ್ವಾದ ಮಗು ವರ್ಷಕ್ಕೆ ಬೇಕಾಯ್ತದಾ?’ ಎಂದರು. ಒಳಗೆ ಲೂರ್ದು ಮಣೆಯ ಮುಂದೆ ಕೂತಿದ್ದಳು. ಕೈಗೆಲ್ಲ ಕರಿ ಹಿಟ್ಟು. ನಾನು ನೋಡುತ್ತಿರುವಷ್ಟರಲ್ಲೇ ಎದ್ದಳು, ತಾಯಿ ಕೂತ್ಕೊಳೇ ಎಂದರು, ಕೂತಳು.

ಮಾರನೆಯ ವರ್ಷ ಅಂತೋಣಪ್ಪನಿಗೆ ಕೋಲಾರದ ಕಡೆ ಕೆಲಸ ಸಿಕ್ಕಿ ಮನೆ ಖಾಲಿ ಮಾಡಿದರು. ವಿಳಾಸ ಯಾರಿಗೂ ಗೊತ್ತಿರಲಿಲ್ಲ. ಚರ್ಚಿನ ಹಬ್ಬಕ್ಕೆ ಅವರ ನೆಂಟರು ಬರುತ್ತಾರೇನೋ ಎಂದು ಎಷ್ಟೋ ವರ್ಷ ಹೋಗಿ ಬಾಗಿಲಲ್ಲಿ ನಿಂತು ಕೇಳಿದ್ದೇನೆ. ಪಾದ್ರಿಗಳಿಗೆ ನನ್ನ ಗುರುತು ಹತ್ತಿ, ಒಂದು ಸಲ ಕೇಕು ಕೊಟ್ಟು ಕಳಿಸಿದ್ದರು.

ಆಮೇಲೆ ಮೂವತ್ತು ವರ್ಷ ಕೆಲಸ ಮಾಡಿದೆ. ಪ್ರತಿ ಕ್ಲಾಸಿನಲ್ಲೂ ಒಬ್ಬ ಲೂರ್ದು ಇರುತ್ತಿದ್ದಳು, ಒಬ್ಬ ನಂಜುಂಡ ಇರುತ್ತಿದ್ದ. ನಿಲ್ಲುವವರನ್ನು ನಿಲ್ಲಲು ಬಿಟ್ಟೆ, ಓಡುವವರಿಗೆ ಕೆಲಸ ಕೊಟ್ಟೆ. ಇನ್‌ಸ್ಪೆಕ್ಷನ್ ದಿನ ಅವರನ್ನೇ ಮುಂದಿನ ಸಾಲಿನಲ್ಲಿ ಕೂರಿಸಿದೆ. ಅವರಲ್ಲಿ ಓದಿ ಮುಂದೆ ಬಂದವರಿದ್ದಾರೆ, ಹಬ್ಬಕ್ಕೆ ಮನೆಗೆ ಬಂದು ಹೋಗುತ್ತಾರೆ. ಬಂದವರನ್ನು ಕಂಡರೆ ಹಿಗ್ಗುತ್ತೇನೆ, ಆದರೆ ಗೇಟಿನ ಸದ್ದಾದಾಗ ಒಂದು ಗಳಿಗೆ ಮನಸ್ಸು ಬೇರೆಯವಳನ್ನೇ ಎದುರು ನೋಡುತ್ತದೆ. ಅವಳಿಗೂ ಈಗ ಅರವತ್ತು ದಾಟಿರಬೇಕು. ಔಷಧಿ, ಡಾಕ್ಟರು, ಹೆಸರು ಎಲ್ಲ ಈಗ ಬಂದಿವೆ, ತುಂಬ ಒಳ್ಳೆಯದು. ನನಗೆ ಆಗ ಬೇಕಾಗಿದ್ದದ್ದು ಅವು ಯಾವುವೂ ಅಲ್ಲ. ಆ ಮಗುವಿಗೆ ಏನು ಬೇಕು ಅಂತ ನನಗೆ ಗೊತ್ತಿತ್ತು, ಗೊತ್ತಿದ್ದೂ ಅವಳನ್ನು ಬಚ್ಚಿಟ್ಟೆ.

ರಿಟೈರ್ ಆಗುವ ವರ್ಷ ಅಗ್ರಹಾರದ ಹಳೇ ಶಾಲೆಗೆ ಹೋಗಿ ಆ ವರ್ಷದ ಹಾಜರಿ ಪುಸ್ತಕ ತೆಗೆಸಿ ನೋಡಿದೆ. ಹುಳ ತಿಂದಿದ್ದರೂ ಕೆಂಪು ಶಾಯಿಯ ಗೈರು ಇದ್ದ ಆ ಪುಟ ಉಳಿದಿತ್ತು. ತಿದ್ದಲು ಪೆನ್ನು ತೆಗೆದಿದ್ದೆ. ಸರ್ಕಾರಿ ಪುಸ್ತಕ ಮೇಡಂ ಎಂದು ಅಲ್ಲಿನ ಗುಮಾಸ್ತರು ತಡೆದರು.

ಪಲ್ಲವಿ, ಇವತ್ತೇ ಆ ಹುಡುಗನ ಮನೆಗೆ ಹೋಗಿ ಬಾ. ಬುಧವಾರ ಅವನು ಎದ್ದು ಓಡಾಡಿದರೆ ಓಡಾಡಲಿ. ಇವನು ಯಾರು ಎಂದು ಸಾಹೇಬರು ಕೇಳಿದರೆ ನನ್ನ ಕ್ಲಾಸಿನವನು ಅನ್ನು, ಅಷ್ಟು ಸಾಕು. ನಾನು ತಿದ್ದಲಾಗದ್ದನ್ನು ಇಲ್ಲಿ ಬರೆದಿಡುತ್ತೇನೆ. ಲೂರ್ದು ಮೇರಿ, ನಾಲ್ಕನೇ ಕ್ಲಾಸು, ಅವತ್ತು ಶಾಲೆಗೆ ಬಂದಿದ್ದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಇದ್ದಳು. ಎಲ್ಲ ಗಂಟೆಯನ್ನೂ ಅವಳೇ ಹೊಡೆದಳು.